ತಲೆಗೆ ಬಂದದ್ದು ತಲೆಗೇ ಆದಾಗ

‘ತಲೆಗೆ ಬಂದದ್ದು ರುಮಾಲಿಗೆ ಹೋಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ದೊಡ್ಡ ಗಂಡಾಂತರವೊಂದು ಸಣ್ಣ ನಷ್ಟದಲ್ಲಿ ಮುಗಿದಾಗ ಬಿಡುವ ನಿಟ್ಟುಸಿರು ಆ ಮಾತಿನಲ್ಲಿದೆ. ರುಮಾಲು ಹೋದರೆ ಇನ್ನೊಂದನ್ನು ಕೊಳ್ಳಬಹುದು. ತಲೆಗೆ ಬಂದದ್ದು ತಲೆಗೇ ಆಗಿ, ಆದರೂ ಜೀವ ಉಳಿದುಕೊಂಡರೆ ಮುಂದೇನು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಹಿಂದೆ ಅದನ್ನು ಹೇಳುವ ಅಗತ್ಯವೂ ಹೆಚ್ಚಾಗಿ ಬೀಳುತ್ತಿರಲಿಲ್ಲವೆಂದು ತೋರುತ್ತದೆ; ಅಂಥ ಪೆಟ್ಟು ತಿಂದವರು ಬದುಕಿ ಉಳಿಯುತ್ತಿದ್ದುದೇ ಅಪರೂಪ. ಈಗ ಶಸ್ತ್ರವೈದ್ಯದ ಕೌಶಲದಿಂದ ಬಹಳ ಮಂದಿ ಉಳಿಯುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಮನೆಗೆ ಬರುತ್ತಾರೆ. ಬಂಧುಗಳು ಹಣ್ಣು ಹಿಡಿದು ಬಂದು, ನೋಡಿ, ‘ದೇವರು ದೊಡ್ಡವನು’ ಎಂದು ಹೇಳಿ ಹೋಗುತ್ತಾರೆ. ನಿಜವಾದ ಕಥೆ ಆರಂಭವಾಗುವುದು ಅವರೆಲ್ಲ ಹೋದ ಮೇಲೆ. ಆ ಕಥೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿದವನು. ಈ ವಿಷಯದೊಳಕ್ಕೆ ನಾನು ಹೊಕ್ಕದ್ದು ವ್ಯಾಕರಣದ ಬಾಗಿಲಿನಿಂದಲೇ. ರಷ್ಯದ ಮನೋವಿಜ್ಞಾನಿ ಅಲೆಕ್ಸಾಂಡರ್ ರೊಮಾನೊವಿಚ್ ಲೂರಿಯಾ (1902–1977) ಅವರು 1971ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ‘ಕಳೆದುಹೋದ ಮತ್ತು ಮರಳಿ ಬಂದ ಜಗತ್ತು’ ಎಂದು ಅದರ ರಷ್ಯನ್ ಹೆಸರಿನ ಅರ್ಥ. ಮರುವರ್ಷವೇ ಅದು ಇಂಗ್ಲಿಷಿಗೂ ಬಂದಿತು. ಆ ಪುಸ್ತಕದ ದೊಡ್ಡ ಭಾಗ ಲೂರಿಯಾ ಬರೆದದ್ದಲ್ಲ. ಅವರ ರೋಗಿ ಬರೆದದ್ದು. ಓದಲಾರದ ಮನುಷ್ಯನೊಬ್ಬ ಬರೆದ ಪುಸ್ತಕವೆಂದು ಹೇಳಿದರೆ ಒಗಟಿನಂತೆ ಕೇಳಿಸಬಹುದು. ಆದರೆ ಅದು ಅಕ್ಷರಶಃ ನಿಜ.

ಆ ರೋಗಿಯ ಹೆಸರು ಲೆವ್ ಜಸೇತ್ಸ್ಕಿ. ಯಂತ್ರಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿ. ಎರಡನೆಯ ಮಹಾಯುದ್ಧ ಬಂದಾಗ ಓದನ್ನು ನಿಲ್ಲಿಸಿ ಸೈನ್ಯ ಸೇರಿದ. 1943ರ ಮಾರ್ಚ್ 2ರಂದು, ಜರ್ಮನ್ ಸೈನ್ಯವನ್ನು ಹಿಮ್ಮೆಟ್ಟಿಸುವ ಕಾಳಗದಲ್ಲಿ, ಗುಂಡೊಂದು ಅವನ ತಲೆಯ ಎಡಭಾಗವನ್ನು ಹೊಕ್ಕಿತು. ಆಗ ಅವನಿಗೆ 23 ವರ್ಷ. ಬಹುಕಾಲ ಎಚ್ಚರ ತಪ್ಪಿ ಬಿದ್ದಿದ್ದ. ಗಾಯಕ್ಕೆ ಉರಿಯೂತ ಸೇರಿ ಹಾನಿ ಇನ್ನಷ್ಟು ಹರಡಿತು. ಕೆಲವು ತಿಂಗಳ ಮೇಲೆ ಅವನನ್ನು ಉರಾಲ್ ಪರ್ವತಸೀಮೆಯ ಒಂದು ಪುನಶ್ಚೇತನ ಆಸ್ಪತ್ರೆಗೆ ಕಳಿಸಿದರು. ಆ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು ಲೂರಿಯಾ.

ಗುಂಡು ಬಿದ್ದದ್ದು ಮಿದುಳಿನ ಎಡ ಹಿಂಭಾಗಕ್ಕೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು ಇವೆಲ್ಲ ಒಟ್ಟುಗೂಡಿ ಒಂದು ಅರ್ಥವಾಗುವ ಎಡೆ ಅದು. ಜಸೇತ್ಸ್ಕಿಗೆ ನೋಟದ ಬಲಭಾಗ ಇಲ್ಲವಾಯಿತು. ಪುಟದ ಬಲಬದಿ, ಮನುಷ್ಯರ ಒಂದು ಪಾರ್ಶ್ವ, ತನ್ನದೇ ಬಲಗೈ, ಎಲ್ಲವೂ ಶೂನ್ಯದಲ್ಲಿ ಕರಗಿಹೋದಂತೆ. ಒಮ್ಮೊಮ್ಮೆ ತನ್ನ ತಲೆ ಮೇಜಿನಷ್ಟು ದೊಡ್ಡದಾದಂತೆ, ಮೈ ಅತಿ ಚಿಕ್ಕದಾದಂತೆ ಅನ್ನಿಸುತ್ತಿತ್ತು. ಮನೆಯಿಂದ ನಾಲ್ಕು ಹೆಜ್ಜೆ ಹೊರಗೆ ಬಂದರೆ ತನ್ನ ಊರಿನಲ್ಲಿಯೇ ದಾರಿ ತಪ್ಪುತ್ತಿತ್ತು. ಬಾಲ್ಯದ ನೆನಪು ಹೇಗೋ ಮೊದಲು ಮರಳಿತು. ನಿನ್ನೆ ಮೊನ್ನೆಯದು ನಿಲ್ಲಲಿಲ್ಲ.

ಒಂದು ಪ್ರಸಂಗವನ್ನು ಅವನು ಬರೆದಿದ್ದಾನೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ದಾದಿಯ ಸಹಾಯ ಬೇಕಾಯಿತು. ಕೂಗಿ ಕರೆಯಲು ಮಾತು ಒದಗಲಿಲ್ಲ. ಕೈಸನ್ನೆಯಿಂದ ಕರೆಯಬಹುದೆಂದು ಹೊಳೆದು ಕೈಯನ್ನು ಆಚೀಚೆ ಆಡಿಸಿದ. ದಾದಿ ನೋಡಿಯೂ ನೋಡದವಳಂತೆ ಹೊರಟುಹೋದಳು. ಆಗ ಅವನಿಗೆ ತಿಳಿಯಿತು: ಕೈಬೀಸಿ ಕರೆಯುವುದು ಹೇಗೆಂಬುದೇ ತನಗೆ ಮರೆತುಹೋಗಿದೆ. ನೆರವು ಸಾಲದು ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಹಣವಿಲ್ಲ, ಜನವಿಲ್ಲ, ಆಸ್ಪತ್ರೆ ದೂರ ಎಂಬುದನ್ನು ಎಣಿಸುತ್ತೇವೆ. ಇಲ್ಲಿ ದಾದಿ ಇದ್ದಳು, ಹತ್ತಿರವೇ ಇದ್ದಳು. ಪೆಟ್ಟು ಬಿದ್ದದ್ದು ನೆರವನ್ನು ಕೇಳುವ ಶಕ್ತಿಗೆ. ಕೈ ಮುರಿದವನು ಬಾಯಿ ತೆರೆದು ಕೇಳುತ್ತಾನೆ; ಮಿದುಳಿಗೆ ಪೆಟ್ಟು ಬಿದ್ದವನು ಕೇಳದೆ ಇರುವುದನ್ನು ಕಂಡು, ಇವನಿಗೆ ಏನೂ ಬೇಕಾಗಿಲ್ಲವೆಂದು ನಾವು ಮುಂದೆ ಹೋಗಿಬಿಡುತ್ತೇವೆ.

ಈಗ ವ್ಯಾಕರಣದ ಮಾತಿಗೆ ಬರುತ್ತೇನೆ. ಜಸೇತ್ಸ್ಕಿಗೆ ಬಿಡಿ ಪದಗಳ ಅರ್ಥ ನಿಧಾನವಾಗಿಯಾದರೂ ತಿಳಿಯುತ್ತಿತ್ತು. ಅವುಗಳ ನಡುವಣ ಸಂಬಂಧ ತಿಳಿಯುತ್ತಿರಲಿಲ್ಲ. ‘ತಂದೆಯ ಸೋದರ’, ‘ಸೋದರನ ತಂದೆ’—ಇವೆರಡರಲ್ಲಿ ವ್ಯತ್ಯಾಸವೇನೆಂದು ಕೇಳಿದರೆ ದಿಕ್ಕುಗೆಡುತ್ತಿದ್ದ. ತಂದೆ ಗೊತ್ತು, ಸೋದರ ಗೊತ್ತು. ಆದರೆ ಎರಡನ್ನೂ ಕಟ್ಟುವ ಗಂಟು ಗೊತ್ತಿಲ್ಲ. ಆನೆಗಿಂತ ನೊಣ ದೊಡ್ಡದೋ, ನೊಣಕ್ಕಿಂತ ಆನೆ ದೊಡ್ಡದೋ ಎಂಬ ಪ್ರಶ್ನೆ ಅವನಿಗೆ ಮಹಾ ತೊಡಕಾಗಿತ್ತು. ಆನೆ ದೊಡ್ಡ ಪ್ರಾಣಿ, ನೊಣ ಚಿಕ್ಕದು ಎಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಯಾವ ವಾಕ್ಯ ಅದನ್ನು ಹೇಳುತ್ತದೆ ಎಂಬುದು ಮಾತ್ರ ಹಿಡಿತಕ್ಕೆ ಸಿಕ್ಕುತ್ತಿರಲಿಲ್ಲ.

ವಿಭಕ್ತಿ ಪ್ರತ್ಯಯಗಳನ್ನು ನಾವು ತರಗತಿಯಲ್ಲಿ ಸಾಲಾಗಿ ಬಾಯಿಪಾಠ ಮಾಡಿಸುತ್ತೇವೆ, ಹುಡುಗರು ಆಕಳಿಸುತ್ತಾರೆ. ಷಷ್ಠಿಯ ಆ ಸಣ್ಣ ‘ಅ’ಕಾರ, ‘ಗಿಂತ’ ಎಂಬ ಎರಡಕ್ಷರ, ಇವುಗಳ ಮೇಲೆ ಮನುಷ್ಯನ ಲೋಕವೇ ನಿಂತಿದೆಯೆಂಬುದನ್ನು ಯಾವ ವ್ಯಾಕರಣ ಗ್ರಂಥದಿಂದಲೂ ನಾನು ಇಷ್ಟು ಚೆನ್ನಾಗಿ ಅರಿತಿರಲಿಲ್ಲ. ಅರ್ಥವಿರುವುದು ಪದಗಳಲ್ಲಿ ಮಾತ್ರವಲ್ಲ, ಪದಪದಗಳ ನಂಟಿನಲ್ಲಿ ಎಂದು ನಮ್ಮ ಪ್ರಾಚೀನ ಶಾಬ್ದಿಕರು ಚರ್ಚಿಸಿದರು. ಆ ಚರ್ಚೆಯ ವಿಷಯ ಜಸೇತ್ಸ್ಕಿಗೆ ದಿನನಿತ್ಯದ ಯಾತನೆಯಾಗಿತ್ತು. ಬಾನುಲಿಯಲ್ಲಿ ವಾರ್ತೆ ಬಂದರೆ ಮೊದಲ ಪದವನ್ನು ಹಿಡಿಯುವಷ್ಟರಲ್ಲಿ ಹತ್ತನೆಯದು ಹಾರಿಹೋಗಿರುತ್ತಿತ್ತು.

ಓದಲು ಅವನು ಮತ್ತೆ ಕಲಿತದ್ದು ಮಗುವಿನಂತೆ. ಆಸ್ಪತ್ರೆಯಲ್ಲಿ ಒಬ್ಬ ಶಿಕ್ಷಕಿ ಅಕ್ಷರ ಹೇಳಿಕೊಟ್ಟಳು. ಒಂದೊಂದು ಅಕ್ಷರವನ್ನೂ ಪರಿಚಿತರ ಹೆಸರಿಗೆ ಕಟ್ಟಿಕೊಂಡ. ಯಾವುದಾದರೂ ಅಕ್ಷರ ಹೊಳೆಯದಿದ್ದರೆ ವರ್ಣಮಾಲೆಯನ್ನು ಮೊದಲಿಂದ ಗಟ್ಟಿಯಾಗಿ ಹೇಳಿಕೊಂಡು ಬರುತ್ತಿದ್ದ. ಅದು ಬಂದಾಗ ಗುರುತಿಸಿ ನಿಲ್ಲುತ್ತಿದ್ದ. ಇಷ್ಟಾದರೂ ಪದದ ಕೊನೆಯ ಅಕ್ಷರ ಮುಟ್ಟುವಷ್ಟರಲ್ಲಿ ಮೊದಲನೆಯದು ಮರೆಯುತ್ತಿತ್ತು.

ಬರೆಯುವುದು ಬೇರೊಂದು ಬಗೆಯಲ್ಲಿ ಒದಗಿತು. ಒಂದು ದಿನ ವೈದ್ಯರೊಬ್ಬರು, ಅಕ್ಷರ ಅಕ್ಷರವಾಗಿ ಯೋಚಿಸಬೇಡ, ಕೈಯನ್ನು ಎತ್ತದೆ ಒಂದೇ ಓಟದಲ್ಲಿ ಪದವನ್ನು ಬರೆದುಬಿಡು ಎಂದರು. ಅವನು ಬರೆದ. ಬರೆದದ್ದು ‘ರಕ್ತ’ ಎಂಬ ಪದ. ತಾನು ಬರೆದದ್ದನ್ನು ತಾನೇ ಓದಲಾರದೆ ಹೋದ. ಆದರೆ ಪದ ಸರಿಯಾಗಿತ್ತು. ಕಣ್ಣು ಮರೆತದ್ದನ್ನು ಕೈ ಮರೆತಿರಲಿಲ್ಲ. ವರ್ಷಗಟ್ಟಲೆ ಬರೆದು ರೂಢಿಯಾದ ಬೆರಳುಗಳಲ್ಲಿ ಪದಗಳು ರಾಗದಂತೆ ನೆಲೆಸಿದ್ದವು. ಲೂರಿಯಾ ಇಂಥ ರೂಢಿಯ ಚಲನೆಯನ್ನು ‘ಚಲನೆಯ ರಾಗ’ ಎಂದೇ ಕರೆದರು.

ಈ ಒಂದೇ ಉಳಿದ ದಾರಿಯನ್ನು ಹಿಡಿದು ಜಸೇತ್ಸ್ಕಿ 25 ವರ್ಷ ನಡೆದ. ತೂಲಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ ತಾಯಿಯೊಡನೆ, ಇಬ್ಬರು ಸೋದರಿಯರೊಡನೆ ಅವನ ವಾಸ. ದಿನವೂ ಬೆಳಿಗ್ಗೆ ಮೇಜಿನ ಮುಂದೆ ಕೂರುವನು. ಒಂದು ಪದ ಹೊಳೆಯಿತೆನ್ನಿ, ಅದು ಓಡಿಹೋಗುವ ಮುನ್ನ ಚೀಟಿಯ ಮೇಲೆ ಗೀಚಿಡುವನು. ಅಂಥ ಪದಗಳನ್ನು ಕೂಡಿಸಿ ವಾಕ್ಯ. ವಾಕ್ಯವನ್ನು ಬರೆದಾದ ಮೇಲೆ ಹಿಂದಿನದು ಏನಿತ್ತೆಂದು ತಿಳಿಯದು. ದಿನವೆಲ್ಲ ದುಡಿದರೆ ಅರ್ಧ ಪುಟ, ಸುಯೋಗವಿದ್ದ ದಿನ ಒಂದು ಪುಟ. ಹೀಗೆ ಸುಮಾರು 3000 ಪುಟ ಬರೆದ. ತನಗೆ ಏನಾಗಿದೆಯೆಂದು ತಾನು ತಿಳಿಯಬೇಕು, ವೈದ್ಯರಿಗೂ ಅದರಿಂದ ಉಪಯೋಗವಾಗಬೇಕು—ಇದು ಅವನ ಉದ್ದೇಶ.

ಇಷ್ಟೆಲ್ಲ ಆದ ಮೇಲೆ ಅವನು ಗುಣವಾದನೆ? ಇಲ್ಲ. ಲೂರಿಯಾ ಅದನ್ನು ಮರೆಮಾಚುವುದಿಲ್ಲ. ವಾಕ್ಯ ಅವನಿಗೆ ಕೊನೆಗೂ ತೊಡಕಾಗಿಯೇ ಉಳಿಯಿತು. ಊರಿನ ಬೀದಿ ಅಪರಿಚಿತವಾಗಿಯೇ ಉಳಿಯಿತು. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಇಂಥ ಚರಿತ್ರೆಯನ್ನು ಓದಿದವರು ಸಾಮಾನ್ಯವಾಗಿ ‘ಎಂಥ ಛಲ! ಮನಸ್ಸಿದ್ದರೆ ಮಾರ್ಗ’ ಎಂದು ಕೊಂಡಾಡುತ್ತಾರೆ. ಛಲ ದೊಡ್ಡದೇ, ಸಂದೇಹವಿಲ್ಲ. ಆದರೆ ಈ ಕೊಂಡಾಟದಲ್ಲಿ ಒಂದು ಅಪಾಯವಿದೆ. ಒಬ್ಬನ ಛಲವನ್ನು ಎತ್ತಿ ತೋರಿಸಿ, ಇನ್ನೊಬ್ಬನನ್ನು ‘ನಿನಗೇಕೆ ಆಗದು?’ ಎಂದು ಕೇಳುವುದಕ್ಕೆ ಅದು ದಾರಿ ಮಾಡುತ್ತದೆ.

ಜಸೇತ್ಸ್ಕಿಯ ಗುಂಡು ಅವನ ಮಿದುಳಿನ ಮುಂಭಾಗವನ್ನು ಮುಟ್ಟಿರಲಿಲ್ಲ. ಉದ್ದೇಶವಿಟ್ಟುಕೊಳ್ಳುವುದು, ಅದಕ್ಕೆ ತಕ್ಕಂತೆ ನಡೆಯುವುದು, ತಪ್ಪನ್ನು ಕಂಡು ತಿದ್ದುವುದು, ಇವೆಲ್ಲ ಆ ಮುಂಭಾಗದ ವ್ಯಾಪಾರ. ಅಂದರೆ ಅವನ ಸಂಕಲ್ಪಶಕ್ತಿ ಗಾಯಗೊಂಡಿರಲಿಲ್ಲ. ಅದಕ್ಕೇ ಅವನು 25 ವರ್ಷ ಹೋರಾಡಿದ. ಪೆಟ್ಟು ಹಣೆಯ ಹಿಂದೆಯೇ ಬಿದ್ದವನ ಪಾಡೇನು? ಅವನಲ್ಲಿ ಗಾಯವಾಗಿರುವುದು ಸಂಕಲ್ಪಕ್ಕೇ. ಬೆಳಿಗ್ಗೆ ಎದ್ದು ಹಲ್ಲುಜ್ಜಲು ತೊಡಗಲಾರ, ತೊಡಗಿದರೆ ನಿಲ್ಲಿಸಲಾರ, ಸಣ್ಣ ಮಾತಿಗೆ ಸಿಡಿಯುತ್ತಾನೆ. ‘ಮನಸ್ಸು ಮಾಡು’ ಎಂದು ಅವನಿಗೆ ಹೇಳುವುದೂ, ಕಾಲು ಮುರಿದವನಿಗೆ ‘ಓಡು’ ಎಂದು ಹೇಳುವುದೂ ಒಂದೇ. ಮೈಯೆಲ್ಲ ನೆಟ್ಟಗಿರುವುದರಿಂದ ಅವನನ್ನು ಸೋಮಾರಿ ಎನ್ನುತ್ತೇವೆ, ಒರಟ ಎನ್ನುತ್ತೇವೆ.

ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ 1848ರ ಸೆಪ್ಟೆಂಬರ್ 13ರಂದು ರೈಲುದಾರಿಯ ಕೆಲಸದ ಮೇಲ್ವಿಚಾರಕ ಫಿನಿಯಾಸ್ ಗೇಜ್ ಎಂಬಾತನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯೊಂದು ನೆತ್ತಿಯಲ್ಲಿ ಹೊರಬಿತ್ತು. ಆತ ಬದುಕಿದ. ಆದರೆ ಸಮಾಧಾನಿಯಾಗಿದ್ದವನು ಮುಂಗೋಪಿಯೂ ಚಂಚಲನೂ ಆದನೆಂದು, ಇವನು ಆ ಹಳೆಯ ಗೇಜ್ ಅಲ್ಲವೆಂದು ಗೆಳೆಯರು ಹೇಳಿದುದನ್ನು ಅವನ ವೈದ್ಯ ಹಾರ್ಲೋ ದಾಖಲಿಸಿದ್ದಾನೆ. ಪಠ್ಯಪುಸ್ತಕಗಳು ಬಹುಮಟ್ಟಿಗೆ ಇಲ್ಲಿಗೇ ಕಥೆ ಮುಗಿಸುತ್ತವೆ. ಮುಂದಿನ ಭಾಗ ನಮಗೆ ಹೆಚ್ಚು ಮುಖ್ಯ. ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಬಂಡಿಯ ಸಾರಥಿಯಾಗಿ ದುಡಿದ. ಹೊತ್ತಿಗೆ ಸರಿಯಾಗಿ ಏಳುವುದು, ಕುದುರೆ ಹೂಡುವುದು, ಗೊತ್ತಾದ ದಾರಿ, ಗೊತ್ತಾದ ತಂಗುದಾಣ—ದಿನಚರಿಯ ಈ ಕಟ್ಟುನಿಟ್ಟೇ ಅವನನ್ನು ಮತ್ತೆ ಬಹುಮಟ್ಟಿಗೆ ಮನುಷ್ಯರ ನಡುವಿಗೆ ತಂದಿರಬೇಕೆಂದು ಇತ್ತೀಚಿನ ವಿದ್ವಾಂಸರು ಊಹಿಸಿದ್ದಾರೆ. ಒಳಗಿನ ಸಂಕಲ್ಪ ಕುಗ್ಗಿದಾಗ ಹೊರಗಿನ ಕ್ರಮ ಊರುಗೋಲಾಗುತ್ತದೆ. ಅದನ್ನು ಕೊಡಲು ದೊಡ್ಡ ಹಣ ಬೇಕಾಗಿಲ್ಲ.

ಮನೆಯವರು ಏನು ಮಾಡಬಲ್ಲರು ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಇದು ಹೊರಗಿನ ಪೆಟ್ಟಲ್ಲ. ರಕ್ತನಾಳದ ತೊಂದರೆಯಿಂದಾದ ಪಾರ್ಶ್ವವಾಯು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಸ್ವತಃ ಕವಿಯಾಗಿದ್ದ ಪೆದ್ರೊ ಬಾಕ್-ಇ-ರೀಟಾ ಅವರಿಗೆ 1950ರ ದಶಕದ ಕೊನೆಯಲ್ಲಿ ಅರ್ಧಾಂಗವೂ ಮಾತೂ ಬಿದ್ದುಹೋದವು. ಕೆಲವು ವಾರಗಳ ಚಿಕಿತ್ಸೆಯ ಮೇಲೆ ಇನ್ನು ಆಸೆಯಿಲ್ಲವೆಂದರು. ಮೆಕ್ಸಿಕೋದಲ್ಲಿ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್ ತಂದೆಯನ್ನು ತನ್ನ ಬಳಿಗೆ ಕರೆದೊಯ್ದ. ಪುನಶ್ಚೇತನದ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಮಗು ನಡೆಯುವ ಮುನ್ನ ಅಂಬೆಗಾಲಿಡುತ್ತದೆ, ಇವರೂ ಹಾಗೆಯೇ ಆರಂಭಿಸಲಿ ಎಂದು ಯೋಚಿಸಿದ. ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಅಂಬೆಗಾಲಿನಲ್ಲಿ ನಡೆಸಿದ. ನೆಲದ ಮೇಲೆ ಗೋಲಿ ಉರುಳಿಸಿ ಸೋತ ಕೈಯಿಂದ ಹಿಡಿಸಿದ. ಪಾತ್ರೆ ತೊಳೆಸಿದ. ಪ್ರೊಫೆಸರರನ್ನು ಅಂಗಳದಲ್ಲಿ ಹೀಗೆ ಅಂಬೆಗಾಲಿಡಿಸುವುದು ಅವಮಾನವೆಂದು ನೆರೆಯವರಿಗೆ ಅನ್ನಿಸಿತು. ತಂದೆಯೂ ಮಗನೂ ಬಿಡಲಿಲ್ಲ. ಆ ಮುದುಕರು ಮತ್ತೆ ಕಾಲೇಜಿಗೆ ಹೋಗಿ ಪಾಠ ಹೇಳಿದರು. ವರ್ಷಗಳ ಮೇಲೆ ಪರ್ವತಪ್ರದೇಶದಲ್ಲಿ ಸಂಚರಿಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಮರಣಾನಂತರದ ಪರೀಕ್ಷೆಯಲ್ಲಿ ಮಿದುಳಿನ ಹಾನಿ ಹಾಗೆಯೇ ಇದ್ದುದು ಕಂಡಿತು; ಉಳಿದ ಭಾಗ ಹಳೆಯ ಕೆಲಸವನ್ನು ಹೊತ್ತುಕೊಂಡಿತ್ತು. ಇನ್ನೊಬ್ಬ ಮಗ ಪಾಲ್, ಮಿದುಳಿನ ಈ ಹೊಂದಿಕೊಳ್ಳುವ ಗುಣವನ್ನು ಕುರಿತು ಸಂಶೋಧನೆ ಮಾಡಿ ಹೆಸರಾದರು.

ಎಲ್ಲರಿಗೂ ಹೀಗೆ ಆಗುತ್ತದೆಂದು ಭರವಸೆ ಕೊಡುವುದು ಸುಳ್ಳಾಗುತ್ತದೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ವರ್ಷಗಳ ನಂತರವೂ ಅದು ಸಾಧ್ಯ—ಇಷ್ಟನ್ನು ಹೇಳಬಹುದು. ನೆರವು ಕಡಿಮೆಯಿರುವ ಮನೆಯಲ್ಲಿ ಆಗಬಹುದಾದ ಕೆಲಸಗಳೂ ಕೆಲವಿವೆ. ಬೀಗದ ಕೈ, ಔಷಧಿ, ಕನ್ನಡಕ ಇವು ಎಂದೂ ಒಂದೇ ಜಾಗದಲ್ಲಿರಲಿ. ದಿನದ ಕೆಲಸಗಳನ್ನು ಬರೆದ ಹಾಳೆಯೊಂದು ಗೋಡೆಯ ಮೇಲಿರಲಿ. ಮರೆವಿಗೆ ನೋಟುಪುಸ್ತಕ ಎರಡನೆಯ ನೆನಪು. ಒಂದು ಹೊತ್ತಿಗೆ ಒಂದೇ ಕೆಲಸ, ಒಬ್ಬರದೇ ಮಾತು. ಮಿಕ್ಸಿ, ದೂರದರ್ಶನ, ನೆಂಟರ ಹರಟೆ ಒಟ್ಟಿಗೆ ನಡೆದರೆ ಗಾಯಗೊಂಡ ಮಿದುಳು ತಡೆಯದು. ಬೇಗ ದಣಿಯುವುದು ಈ ಗಾಯದ ಲಕ್ಷಣವೇ ಹೊರತು ಸೋಮಾರಿತನವಲ್ಲ. ನಡುನಡುವೆ ವಿಶ್ರಾಂತಿ ಬೇಕು. ಪದಕ್ಕಾಗಿ ತಡಕಾಡುವಾಗ ನಾವೇ ಪೂರ್ತಿ ಮಾಡಿಬಿಡುವ ಚಪಲ ಬೇಡ. ಜೊತೆಗೆ ನೋಡಿಕೊಳ್ಳುವವರಿಗೂ, ಅವರು ಹೆಚ್ಚಾಗಿ ಹೆಂಡತಿ ಇಲ್ಲವೆ ತಾಯಿ, ವಾರಕ್ಕೆ ಅರ್ಧ ದಿನದ ಬಿಡುವನ್ನು ಯಾರಾದರೂ ಕೊಡಬೇಕು. ಜಸೇತ್ಸ್ಕಿಯ 3000 ಪುಟಗಳ ಹಿಂದೆ 25 ವರ್ಷ ಅಡಿಗೆ ಮಾಡಿ ಬಡಿಸಿದ ಒಬ್ಬ ತಾಯಿಯಿದ್ದಾಳೆ. ಅವಳು ಪುಸ್ತಕ ಬರೆಯಲಿಲ್ಲ.

ಇನ್ನೊಂದು ಸಂಗತಿಯನ್ನು ಕನ್ನಡದವನಾಗಿ ಹೇಳಬೇಕು. ಮಾತು ಬಿದ್ದುಹೋದವರಲ್ಲಿ ಕೂಡ, ಸಾಲಾಗಿ ಬಾಯಿಗೆ ಬಂದದ್ದು ಎಷ್ಟೋ ಸಲ ಉಳಿದಿರುತ್ತದೆ: ವಾರಗಳ ಹೆಸರು, ಎಣಿಕೆ, ಪ್ರಾರ್ಥನೆ, ಹಾಡು. ಮಾತಾಡಲಾರದವರು ಹಾಡಬಲ್ಲರೆಂಬುದನ್ನು ಆಧರಿಸಿ ಬಾಸ್ಟನ್ನಿನ ತಜ್ಞರು 1973ರಲ್ಲಿ ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯೊಂದನ್ನು ಪ್ರಕಟಿಸಿದರು. ನಮ್ಮಲ್ಲಿ ಕಾಗುಣಿತವನ್ನು ರಾಗವಾಗಿ ಹೇಳಿಸುತ್ತಿದ್ದರು, ಮಗ್ಗಿಯನ್ನೂ ಹಾಗೆಯೇ. ಹಳೆಯ ತಲೆಯವರ ನಾಲಗೆಯ ಮೇಲೆ ಇಂಥ ಆಸ್ತಿ ಬಹಳವಿದೆ. ಅದನ್ನು ಚಿಕಿತ್ಸೆಗೆ ಬಳಸಬೇಕಾದರೆ ಇಂಗ್ಲಿಷಿನ ಅಭ್ಯಾಸಪಾಠಗಳನ್ನು ಅನುವಾದಿಸಿದರೆ ಸಾಲದು. ‘ತಂದೆಯ ಸೋದರ’ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ? ಚಿಕ್ಕಪ್ಪ ಎನ್ನುತ್ತಾರೆ, ದೊಡ್ಡಪ್ಪ ಎನ್ನುತ್ತಾರೆ. ರೋಗಿಯ ಬಾಯಲ್ಲಿ ಬಾಲ್ಯದಿಂದ ಆಡಿದ ಕನ್ನಡ ಯಾವುದೋ, ಕಲಬುರಗಿಯದೋ ಕುಂದಾಪುರದ್ದೋ, ಅದರಲ್ಲಿಯೇ ಪಾಠವಾಗಬೇಕು. ಇದು ವೈದ್ಯರೊಬ್ಬರ ಕೆಲಸವಲ್ಲ. ಭಾಷೆಯನ್ನು ಓದಿದವರಿಗೂ ಇದರಲ್ಲಿ ಪಾಲಿದೆ.

ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇವು ನಮ್ಮ ನಾಡಿನ ಭಾಗ್ಯ. ಆದರೆ ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು. ಶಸ್ತ್ರಕ್ರಿಯೆಗೆ ಒಮ್ಮೆ ಬಂದವರು ವಾರವಾರದ ಅಭ್ಯಾಸಕ್ಕೆ ಬರಲಾರರು. ನಮ್ಮಲ್ಲಿ ತಲೆಗೆ ಪೆಟ್ಟಾಗಲು ಯುದ್ಧಕ್ಕೆ ಹೋಗಬೇಕಾಗಿಲ್ಲ, ರಸ್ತೆಯೇ ಸಾಕು. ಪೆಟ್ಟು ತಿನ್ನುವವರಲ್ಲಿ ಬಹಳ ಮಂದಿ ದುಡಿಯುವ ವಯಸ್ಸಿನವರು. ಅಂಗವಿಕಲರ ಹಕ್ಕುಗಳ 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಹೆಸರಿಸಿತ್ತು. 2016ರ ಕಾಯಿದೆ ಅದನ್ನು 21ಕ್ಕೆ ಏರಿಸಿತು. ಮಿದುಳಿನ ಹಾನಿಯಿಂದ ಮಾತು ಶಾಶ್ವತವಾಗಿ ಹೋದವರಿಗೆ ಅದರಲ್ಲಿ ಎಡೆಯಿದೆ. ತಲೆಯ ಪೆಟ್ಟಿನಿಂದಾದ ಮಿದುಳಿನ ಗಾಯಕ್ಕೆಂದೇ ಪ್ರತ್ಯೇಕ ಹೆಸರು ಆ ಪಟ್ಟಿಯಲ್ಲಿಲ್ಲ. ಕೈಕಾಲು ನೆಟ್ಟಗಿದ್ದು, ಮಾತೂ ಇದ್ದು, ನೆನಪೋ ಸಂಕಲ್ಪವೋ ಕೆಟ್ಟವನು ತನ್ನ ಕಷ್ಟವನ್ನು ಯಾವ ಹೆಸರಿನಡಿ ಬರೆಸಬೇಕೆಂದು ತಿಳಿಯದೆ ಕಚೇರಿಯ ಮುಂದೆ ನಿಲ್ಲುತ್ತಾನೆ. ಸಂಬಂಧಗಳ ಲೋಕದಲ್ಲಿ ಮೊದಲು ಬೇಕಾದದ್ದು ಹೆಸರು. ವ್ಯಾಕರಣದಲ್ಲಿಯೂ ನಾಮಪದವಿಲ್ಲದೆ ವಿಭಕ್ತಿ ಹತ್ತುವುದಿಲ್ಲ.

ಜಿಲ್ಲೆಗೊಂದು ಪುನಶ್ಚೇತನ ಕೇಂದ್ರ, ಅಲ್ಲಿ ಕನ್ನಡದಲ್ಲಿ ಮಾತು ಕಲಿಸಬಲ್ಲ ಒಬ್ಬರು, ಮನೆಯವರಿಗೆ ತಿಂಗಳಿಗೊಮ್ಮೆ ತಿಳಿವಳಿಕೆ ಹೇಳುವ ಒಬ್ಬರು, ಇಷ್ಟನ್ನು ಕೇಳುವುದು ಅತಿಯಾಸೆಯಲ್ಲವೆಂದು ನನ್ನ ಭಾವನೆ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ಸ್ವಲ್ಪ. ನಮ್ಮ ಬೀದಿಯಲ್ಲಿ ಅಂಥವರೊಬ್ಬರಿದ್ದರೆ, ಅವರು ಕರೆಯಲಿ ಎಂದು ಕಾಯದೆ ವಾರಕ್ಕೊಮ್ಮೆ ಹೋಗಿ ಕೂರಬಹುದು. ಅವರ ವಾಕ್ಯ ಮುಗಿಯುವವರೆಗೆ, ಎಷ್ಟು ಹೊತ್ತಾದರೂ ಸರಿ, ಕೇಳಬಹುದು.

(ಬಾನುಲಿ ಭಾಷಣ)